ಭಂಡಾರದ ಬಣ್ಣದ ಊರು

ಬಾವಿಗಳ ನೀರಿನಲ್ಲಿ ಮೂರು ದೋಷಗಳನ್ನು ಅಳೆದಿದ್ದೆವು. ಮೂರನ್ನೂ ಒಂದೇ ನಕಾಶೆಯಲ್ಲಿ ತೋರಿಸುವ ಹುಚ್ಚು ಜಾಣತನ ನನ್ನದು. ಉಪ್ಪು ಹೆಚ್ಚಿದಷ್ಟೂ ಕೆಂಪು, ರಸಗೊಬ್ಬರಕ್ಕೆ ಹಸಿರು, ಸುಣ್ಣಕ್ಕೆ ನೀಲಿ ಎಂದು ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ಕೆಂಪು, ಹಸಿರು ಬೆರೆತರೆ ಹಳದಿಯಾಗುತ್ತದೆ. ಮೂರೂ ಇಲ್ಲದಿದ್ದರೆ ಕಪ್ಪು. ಹೀಗಾಗಿ ಉಪ್ಪು, ರಸಗೊಬ್ಬರ ಎರಡೂ ಹೆಚ್ಚಿದ್ದ ಕೆಟ್ಟ ನೀರಿನ ಊರುಗಳು ಹಳದಿಯಾಗಿ ಹೊಳೆದವು, ಒಳ್ಳೆಯ ನೀರಿನವು ಕಪ್ಪಾದವು. ಜಾತ್ರೆಯಲ್ಲಿ ದೇವರಿಗೆ ಭಂಡಾರ, ಅಂದರೆ ಅರಿಶಿಣದ ಪುಡಿ, ತೂರುವ ಕಾಗವಾಡದ ಕಡೆ ಹುಟ್ಟಿ ಬೆಳೆದ ನನಗೇ ಅದು ತಪ್ಪೆನಿಸಲಿಲ್ಲ.

ನೀರು ಶುದ್ಧ ಮಾಡುವ ಮಷೀನುಗಳನ್ನು ಹಂಚುವ ಸಭೆಯಲ್ಲಿ ಒಬ್ಬ ಹಿರಿಯರು ನಕಾಶೆಯಲ್ಲಿ ಹಳದಿಯಾಗಿದ್ದ ತಮ್ಮೂರಿನ ಮೇಲೆ ಬೆರಳಿಟ್ಟರು. "ನೋಡ್ರಿ, ದೇವರ ಭಂಡಾರ ತೂರಿದಂಗ ಐತಿ! ನಮಗ್ಯಾಕ್ರಿ ಮಷೀನು? ಪಾಪ, ಆ ಕರೀ ಊರಿಗೆ ಕೊಡ್ರಿ."

ಎಲ್ಲರೂ ತಲೆದೂಗಿದರು. ನಾನು ಎದ್ದು, ಮೂಲೆಯಲ್ಲಿದ್ದ ಬಣ್ಣಗಳ ಸೂಚಿಯನ್ನು ತೋರಿಸಿ, ಹಳದಿಯೇ ಕೆಟ್ಟದ್ದು ಎಂದೆ. "ಅರಿಶಿಣ ಯಾವಾಗ್ ಕೆಟ್ಟದಾತ್ರಿ?" ಎಂದು ಯಾರೋ ನಕ್ಕರು. ಸಭೆ ನಡೆಸುತ್ತಿದ್ದ ಸಾಹೇಬರು ಗಡಿಯಾರ ನೋಡಿ, "ಸಾಕ್ ಕುಂದರ್ರಿ" ಎಂದರು. ಕುಳಿತೆ. ಮಷೀನುಗಳು ಕಪ್ಪು ಊರುಗಳಿಗೆ ಹೋದವು.

ತಿಂಗಳ ನಂತರ ಆ ಹಿರಿಯರ ಊರಿಗೆ ಮತ್ತೆ ನೀರಿನ ಮಾದರಿ ತರಲು ಹೋದೆ. ಮನೆಗೆ ಕರೆದು, ಬೆಲ್ಲದ ಜೊತೆ ತಂಬಿಗೆ ನೀರು ಕೊಟ್ಟರು. ಬೆಲ್ಲ ತಿಂದೆ. ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ, ಚೀಲದಲ್ಲಿದ್ದ ಬಾಟಲಿ ತೆಗೆದೆ.

"ಚೆಲ್ಲೂದ್ಯಾಕ್ರಿ, ಬಾವಿ ನೀರು ಬಂಗಾರದಂಥಾದ್ದು," ಎಂದು ತಂಬಿಗೆ ಎತ್ತಿ ಅವರೇ ಗಟಗಟ ಕುಡಿದರು. ನಾನು ನೋಡುತ್ತ ಕುಳಿತಿದ್ದೆ.