ಬೇಲಿಯಾಚೆಯ ಸೇಬಿನ ಕೇಕು

ಡಿಸೆಂಬರ್ ಇಪ್ಪತ್ತಮೂರರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ವೇದವತಿ ಸ್ಯಾನ್ ಮಟಿಯೋದ ತಮ್ಮ ಅಡುಗೆಮನೆಯಲ್ಲಿ ನಿಂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದರು. ಸಿಪ್ಪೆ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಇಳಿಯಬೇಕು ಎಂಬುದು ಅವರ ಹಟ. ಕೈಯಲ್ಲಿದ್ದ ಸೇಬಿನದು ನಡುವೆ ಕಡಿದುಹೋಯಿತು. ಚಾಕು ಕೆಳಗಿಟ್ಟು ಕಿಟಕಿಯಾಚೆ ನೋಡಿದರು. ಬೇಲಿಯ ಆ ಬದಿಯ ಮನೆಯ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಆ ಮನೆಯ ಐರೀನ್ ಮಾರ್ಚ್ ತಿಂಗಳಲ್ಲಿ ತೀರಿಕೊಂಡಿದ್ದರು.

ಸಂಜೆ ಐರೀನರ ಮಗಳು ಗೇಲ್ ಬಂದು ಕೇಕು ಒಯ್ಯುವವಳಿದ್ದಳು. ಅಷ್ಟರೊಳಗೆ ವೇದವತಿ, ಐರೀನ್ ಪ್ರತಿ ಕ್ರಿಸ್‌ಮಸ್ಸಿಗೆ ಮಾಡುತ್ತಿದ್ದ ಸೇಬಿನ ಕೇಕನ್ನು ಅದೇ ರುಚಿ ಬರುವಂತೆ ಮಾಡಬೇಕಿತ್ತು. ಇಪ್ಪತ್ತು ವರ್ಷಕ್ಕೂ ಮೇಲಾಗಿ ಆ ಕೇಕು ತಪ್ಪದೆ ಅವರ ಮನೆಗೆ ಬಂದಿತ್ತು. ಒಂದು ಸಲವೂ ಅವರು ಅದನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ.

ವೇದವತಿ ಮೈಸೂರಿನವರು, ಮೊಟ್ಟೆ ಹೊಸಿಲು ದಾಟದ ಮನೆಯಲ್ಲಿ ಬೆಳೆದವರು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ವೆಂಕಟಾಚಲರ ಕೈಹಿಡಿದು ಈ ದೇಶಕ್ಕೆ ಬಂದರು. ಗಂಡ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗುತ್ತಿದ್ದರೆ, ಇವರು ಕುಡಿಯುವ ನೀರನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ನಿವೃತ್ತಿಯವರೆಗೂ ದುಡಿದರು. ಸೀಸೆಯ ಮೇಲಿನ ಚೀಟಿ ಓದದೆ ಅವರು ಸೀಸೆ ಮುಟ್ಟಿದ್ದಿಲ್ಲ. ಆ ಅಭ್ಯಾಸ ಲ್ಯಾಬಿನಾಚೆಗೂ ಹಬ್ಬಿತ್ತು. ಗ್ರೋಸರಿ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರಗಳನ್ನೆಲ್ಲ ಓದಿ ಮುಗಿಸುವ ಹೊತ್ತಿಗೆ ಹಿಂದೆ ನಿಂತವರು ಕೆಮ್ಮುತ್ತಿದ್ದರು. ಹೋಟೆಲಿನಲ್ಲಿ ಮಾಣಿ ನಮಸ್ಕಾರ ಹೇಳುವ ಮೊದಲೇ ಇವರ ಪ್ರಶ್ನೆ ಸಿದ್ಧ: ಇದರಲ್ಲಿ ಮೊಟ್ಟೆ ಇದೆಯಾ? ಹೀಗೆ ಊರಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದ ಪ್ರಶ್ನೆಯನ್ನು ಅವರು ಕೇಳದೆ ಬಿಟ್ಟದ್ದು ಒಬ್ಬರನ್ನು ಮಾತ್ರ.

ಈ ಮನೆಗೆ ಬಂದ ಮೊದಲ ಡಿಸೆಂಬರಿನಲ್ಲಿ ಐರೀನ್ ಬೇಲಿಯ ಬಳಿ ಬಂದು ಕರೆದಿದ್ದರು. ಆಗಲೇ ವಿಧವೆ, ಎತ್ತರದ ಹೆಂಗಸು, ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ಬೇಲಿಯ ಮೇಲಿಂದ ಒಂದು ತಗಡಿನ ಡಬ್ಬಿ ದಾಟಿಸಿ, "ನಮ್ಮಮ್ಮನ ಕಾಲದಿಂದಲೂ ನಮ್ಮ ಮನೆಯ ಹಬ್ಬದ ಕೇಕು ಇದು. ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ಡಬ್ಬಿ ಇನ್ನೂ ಬೆಚ್ಚಗಿತ್ತು. ಚಕ್ಕೆ ಲವಂಗದ ಘಮ ಬರುತ್ತಿತ್ತು. ಪ್ರಶ್ನೆ ವೇದವತಿಯ ನಾಲಿಗೆಯ ತುದಿಗೆ ಬಂತು. ಅಕ್ಕರೆಯಿಂದ ಕೈಯಾರೆ ಕೊಡುತ್ತಿರುವವರನ್ನು ಅಂಗಡಿಯವನನ್ನು ಕೇಳಿದಂತೆ ಹೇಗೆ ಕೇಳುವುದು? ಇದೆ ಎಂದುಬಿಟ್ಟರೆ ಡಬ್ಬಿಯನ್ನು ವಾಪಸು ಕೊಡುವುದು ಹೇಗೆ? ಅವರು ಥ್ಯಾಂಕ್ಸ್ ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಏನ್ರೀ, ಇದನ್ನೇನು ಮಾಡೋದು?"

"ಮೊಟ್ಟೆ ಇರುತ್ತಾ?" ಎಂದರು ವೆಂಕಟಾಚಲ, ಪೇಪರಿನಿಂದ ತಲೆಯೆತ್ತದೆ.

"ಕೇಕು ಅಂದ್ಮೇಲೆ ಇರಲ್ವಾ?"

"ಕೇಳ್ಬೇಕಿತ್ತು ನೀನು."

"ಅಷ್ಟು ಧೈರ್ಯ ಇದ್ರೆ ನೀವೇ ಹೋಗಿ ಕೇಳ್ಕೊಂಡು ಬನ್ನಿ."

"ನಾಳೆ ಆಫೀಸಿಗೆ ತಗೊಂಡ್ ಹೋಗ್ತೀನಿ ಬಿಡು. ನಮ್ಮ ಬ್ರೇಕ್ ರೂಮಲ್ಲಿ ಇಟ್ಟಿಗೆ ಇಟ್ರೂ ಹತ್ತು ಗಂಟೆಗೆ ಖಾಲಿ."

ಕೇಕು ಆಫೀಸಿಗೆ ಹೋಯಿತು. ವೇದವತಿ ಡಬ್ಬಿ ತೊಳೆದು, ಖಾಲಿ ಕೊಡಬಾರದೆಂದು ಅದರ ತುಂಬ ಕೋಡುಬಳೆ ಹಾಕಿ, ಬೇಲಿಯಾಚೆ ದಾಟಿಸಿ, ತುಂಬ ಚೆನ್ನಾಗಿತ್ತು ಎಂದರು. ಆ ಮಾತು ಆಡಿದ ಮೇಲೆ ಮರುವರ್ಷ ಪ್ರಶ್ನೆ ಕೇಳುವುದು ಇನ್ನೂ ಕಷ್ಟವಾಯಿತು. ಹೋದ ವರ್ಷ ಚೆನ್ನಾಗಿದೆ ಎಂದು ತಿಂದವರು ಈ ವರ್ಷ ಮೊಟ್ಟೆ ಇದೆಯಾ ಎಂದರೆ ಏನರ್ಥ? ಅದರ ಮುಂದಿನ ವರ್ಷ ಅಸಾಧ್ಯವೇ ಆಯಿತು. ವೆಂಕಟಾಚಲ ನಿವೃತ್ತರಾದ ಮೇಲೆ ಕೇಕು ಊರಿನ ಹಿರಿಯರು ಸೇರುವ ಕೇಂದ್ರಕ್ಕೆ ಹೋಗತೊಡಗಿತು.

ಐರೀನ್ ಹಾಗಿರಲಿಲ್ಲ. ಬಿಸಿಬೇಳೆಬಾತು ಕೊಟ್ಟರೆ ಬೇಲಿಯ ಬಳಿಯೇ ನಿಂತು, ಇವರೆದುರೇ ಚಮಚೆ ಹಾಕಿ ತಿನ್ನುತ್ತಿದ್ದರು. ಕಣ್ಣು ಮೂಗು ಒರೆಸಿಕೊಂಡು, "ಹೋದ ಸಲಕ್ಕಿಂತ ಖಾರ ಜಾಸ್ತಿ, ಆದ್ರೆ ತುಪ್ಪ ಸರಿಯಾಗಿದೆ" ಎನ್ನುತ್ತಿದ್ದರು. ಹಾಗಲಕಾಯಿ ಗೊಜ್ಜು ತಿಂದ ದಿನ, "ವೇದಾ, ಇದು ನನಗೆ ಬೇಡ" ಎಂದು ಬಟ್ಟಲು ವಾಪಸು ಕೊಟ್ಟರು. ವೇದವತಿಗೆ ಆವತ್ತು ಬೇಜಾರಾಗಲಿಲ್ಲ. ಹಾಗೆ ಹೇಳಲು ಬರುವವರನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಗೇಲ್ ಈ ಕೇಕಿನ ವಿಷಯ ಎತ್ತಿಕೊಂಡು ಬಂದದ್ದು ಹಿಂದಿನ ದಿನ, ಡಿಸೆಂಬರ್ ಇಪ್ಪತ್ತೆರಡರ ಮಧ್ಯಾಹ್ನ. ಐವತ್ತು ದಾಟಿದವಳು, ತಾಯಿಯಷ್ಟೇ ಎತ್ತರ, ಪೆಟ್ಟಿಗೆ ಕಟ್ಟಿ ಕಟ್ಟಿ ಕೈಯೆಲ್ಲ ಧೂಳು. ಜನವರಿಯಲ್ಲಿ ಮನೆ ಬೇರೆಯವರ ಕೈಗೆ ಹೋಗುವುದಿತ್ತು. ಅಣ್ಣನೂ ಬರುತ್ತಿದ್ದಾನೆ, ಆ ಮನೆಯಲ್ಲಿ ಕೊನೆಯ ಕ್ರಿಸ್‌ಮಸ್ ಮಾಡುತ್ತೇವೆ ಎಂದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟು:

"ಅಮ್ಮನ ಕೇಕು ಎರಡು ಸಲ ಮಾಡಿದೆ, ಬರ್ತಿಲ್ಲ. ನಾನು ಚಿಕ್ಕವಳಾಗಿದ್ದಾಗ ತಿಂದದ್ದು ಬರುತ್ತೆ. ಆದ್ರೆ ಕೊನೆಕೊನೆಗೆ ಅಮ್ಮ ಮಾಡ್ತಿದ್ದದ್ದು ಬೇರೆ. ಒಂದೇ ಸಲ ತಿಂದಿದೀನಿ, ಅದೇನು ರುಚಿ! ಏನು ಹಾಕಿದೆ ಅಂದ್ರೆ ನಕ್ಕುಬಿಟ್ರು. ವೇದಾನ ಕೇಳು, ಅವಳಿಗೆ ಗೊತ್ತು ಅಂದ್ರು. ಅಷ್ಟು ವರ್ಷ ತಿಂದವರು ನೀವೊಬ್ಬರೇ. ನನಗೋಸ್ಕರ ಒಂದು ಮಾಡಿಕೊಡ್ತೀರಾ?"

ಗೊತ್ತಿಲ್ಲ ಎನ್ನಲು ಅದು ಸರಿಯಾದ ಗಳಿಗೆಯಾಗಿತ್ತು. ವೇದವತಿ ಬಾಯಿ ತೆರೆದದ್ದೂ ಅದಕ್ಕೇ. ಆದರೆ ಗೇಲ್ ಧೂಳಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಇವರ ಕೈ ಹಿಡಿದುಬಿಟ್ಟಿದ್ದಳು. "ಮಾಡೋಣಂತೆ" ಎಂದರು. "ನಿಮ್ಮಜ್ಜಿಯ ಅಳತೆ ಹೇಳು. ಅಲ್ಲಿಂದ ಶುರು ಮಾಡ್ತೀನಿ."

ಗೇಲ್‌ಗೆ ಅದು ಬಾಯಿಪಾಠ. ಮೈದಾ, ಬೆಣ್ಣೆ, ಕಂದು ಸಕ್ಕರೆ, ಬೇಯಿಸಿ ಅರೆದ ಸೇಬು, ಅಡುಗೆ ಸೋಡಾ, ಚಕ್ಕೆ, ಲವಂಗ, ಒಣದ್ರಾಕ್ಷಿ, ಅಕ್ರೋಟು. ವೇದವತಿ ಒಂದೊಂದಕ್ಕೂ ತಲೆಯಾಡಿಸಿದರು. ಅವಳು ನಿಲ್ಲಿಸಿದ ಮೇಲೆ, ಲ್ಯಾಬಿನಲ್ಲಿ ಬಿಟ್ಟುಹೋದದ್ದನ್ನು ಕೇಳುವ ದನಿಯಲ್ಲಿ ಕೇಳಿದರು: "ಮೊಟ್ಟೆ ಎಷ್ಟು?"

ಗೇಲ್ ನಕ್ಕಳು. "ಮೊಟ್ಟೆಯೇ ಇಲ್ವಲ್ಲ. ಅದೇ ಅಲ್ವಾ ಈ ಕೇಕಿನ ಕಥೆ. ನಮ್ಮಜ್ಜಿ ಕಾಲದಲ್ಲಿ ಕಷ್ಟ, ಮೊಟ್ಟೆ ಸಿಗ್ತಿರಲಿಲ್ಲ, ಅದರ ಬದಲು ಸೇಬು. ನೀವು ಬಂದ ಹೊಸದರಲ್ಲಿ ಈ ಬೀದಿಯ ಯಾವುದೋ ಪಾರ್ಟಿಯಲ್ಲಿ ನೀವು ಮೊಟ್ಟೆ ಇದೆಯಾ ಅಂತ ಕೇಳಿದ್ದು ಅಮ್ಮನ ಕಿವಿಗೆ ಬಿತ್ತಂತೆ. ಆವತ್ತು ಸಂಜೆ ನನಗೆ ಫೋನ್ ಮಾಡಿದ್ರು. ನಮ್ಮ ಕೇಕಿಗೆ ಸರಿಯಾದ ಮನೆ ಪಕ್ಕದಲ್ಲೇ ಸಿಕ್ತು ಅಂದ್ರು."

ಅವಳು ಹೋದ ಮೇಲೆ ವೇದವತಿಗೆ ಐರೀನ್ ಮೊದಲ ಸಲ ಬೇಲಿಯ ಬಳಿ ಹೇಳಿದ್ದು ನೆನಪಾಯಿತು: ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಆ ಮಾತನ್ನು ಅವರು ಬರೀ ಉಪಚಾರ ಎಂದುಕೊಂಡಿದ್ದರು. ಐರೀನ್ ಉಪಚಾರದ ಮಾತು ಆಡುವವರಲ್ಲ ಎಂಬುದನ್ನು ಹಾಗಲಕಾಯಿಯ ದಿನವಾದರೂ ನೆನೆಯಬೇಕಿತ್ತು.

ಈಗ ಸೇಬು ಹೆಚ್ಚಿ ಒಲೆಯ ಮೇಲಿಟ್ಟಾಗ ವೆಂಕಟಾಚಲ ವಾಸನೆ ಹಿಡಿದು ಅಡುಗೆಮನೆಗೆ ಬಂದರು.

"ಅದೇ ವಾಸನೆ ಕಣೇ" ಎಂದರು.

ವೇದವತಿ ಸೌಟು ಹಿಡಿದೇ ತಿರುಗಿದರು. "ನಿಮಗೆ ಹೇಗೆ ಗೊತ್ತು?"

ಗಂಡ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಏನನ್ನೋ ಹುಡುಕಿದರು. "ಒಂದ್ಸಲ ಒಂದು ತುಂಡು ತಿಂದಿದ್ದೆ. ಆಫೀಸಲ್ಲಿ."

"ಮೊಟ್ಟೆ ಇದೆ ಅಂತ ತಿಳ್ಕೊಂಡೇ?"

"ತಿಳ್ಕೊಂಡೇ. ಇಲ್ವಂತಲ್ಲ ಈಗ, ಪಾಪವೂ ಇಲ್ಲ."

"ಪಾಪದ ವಿಷಯ ಆಮೇಲೆ. ಹೇಗಿತ್ತು ಹೇಳಿ."

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ಜಾಯಿಕಾಯಿ ಇತ್ತಾ, ಶುಂಠಿ ಇತ್ತಾ? ಕಿತ್ತಳೆ ಸಿಪ್ಪೆ ಥರ ಏನಾದ್ರೂ?"

ವೆಂಕಟಾಚಲ ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಯೋಚಿಸಿದರು. "ಕೇಕಿನ ಥರ ಇತ್ತು."

"ನಲವತ್ತು ವರ್ಷದಿಂದ ನನ್ನ ಅಡುಗೆಗೂ ನೀವು ಇದೇ ಸರ್ಟಿಫಿಕೇಟು ಕೊಡ್ತಿರೋದು. ಹೋಗಿ, ಆಚೆ ಕೂತ್ಕೊಳ್ಳಿ."

ಗೊತ್ತಿದ್ದದ್ದನ್ನು ಅವರು ಸರಿಯಾಗಿ ಮಾಡಿದರು. ಹಿಟ್ಟನ್ನು ತಕ್ಕಡಿಯಲ್ಲಿ ತೂಗಿದರು. ಸೇಬನ್ನು ಅರೆದು ಪೂರ್ತಿ ಆರಲು ಬಿಟ್ಟರು. ಬಿಸಿಯಿದ್ದರೆ ಬೆಣ್ಣೆ ಕರಗಿ ಹಿಟ್ಟು ಜೋಲುತ್ತದೆ. ಸೋಡಾ ಬೆರೆಸಿದಾಗ ಸೇಬಿನ ಹುಳಿಗೆ ಹಿಟ್ಟು ಸಣ್ಣಗೆ ನೊರೆಗಟ್ಟಿತು. ಮೊಟ್ಟೆ ಮಾಡಬೇಕಾದ ಕೆಲಸವನ್ನು ಈ ನೊರೆ ಮಾಡುತ್ತಿದೆ ಎಂದು ರಸಾಯನಶಾಸ್ತ್ರ ಓದಿದವರಿಗೆ ಹೇಳಬೇಕಿರಲಿಲ್ಲ. ಐರೀನ್ ಕೊಟ್ಟ ಕೇಕನ್ನು ಒಂದು ಸಲ ಕತ್ತರಿಸಿ ನೋಡಿದ್ದರೂ ಸಾಕಿತ್ತು, ಮೊಟ್ಟೆ ಇಲ್ಲವೆಂದು ಅದರ ಒದ್ದೆ ಮೈಯೇ ಹೇಳುತ್ತಿತ್ತು. ಅವರು ಕತ್ತರಿಸಿಯೂ ನೋಡಿರಲಿಲ್ಲ. ಗೊತ್ತಿಲ್ಲದ ಭಾಗಕ್ಕೆ ಬಂದಾಗ ಮಸಾಲೆ ಡಬ್ಬಿ ತೆಗೆದು ನಿಂತರು. ಐರೀನ್‌ಗೆ ತಮ್ಮ ಮನೆಯ ಪಾಯಸ ಇಷ್ಟವಿತ್ತು ಎಂಬುದೊಂದೇ ಆಧಾರ. ಏಲಕ್ಕಿ ಕುಟ್ಟಿ ಹಾಕಿದರು. ಅದು ಊಹೆ. ಲ್ಯಾಬಿನಲ್ಲಾಗಿದ್ದರೆ ಅವರು ಅದಕ್ಕೆ ಸಹಿ ಹಾಕುತ್ತಿರಲಿಲ್ಲ.

ಸಂಜೆ ಗೇಲ್ ಬಂದಾಗ ಕೇಕು ಇನ್ನೂ ಬೆಚ್ಚಗಿತ್ತು. ಒಂದು ತುಂಡು ಕತ್ತರಿಸಿ ತಟ್ಟೆಯಲ್ಲಿಟ್ಟು, ವೇದವತಿ ಎದುರಿಗೆ ಕೂತರು. ಗೇಲ್ ನಿಧಾನವಾಗಿ ಅಗಿದಳು. ಇನ್ನೊಂದು ಚೂರು ಬಾಯಿಗಿಟ್ಟುಕೊಂಡಳು. ಕಿಟಕಿಯತ್ತ ನೋಡಿದಳು.

"ಚೆನ್ನಾಗಿದೆ" ಎಂದಳು. "ಏಲಕ್ಕಿ, ಅಲ್ವಾ? ತುಂಬ ಚೆನ್ನಾಗಿದೆ. ಆದ್ರೆ ಅದಲ್ಲ. ಅಮ್ಮನದ್ದರಲ್ಲಿ ಇದಿರಲಿಲ್ಲ." ಫೋರ್ಕು ಕೆಳಗಿಟ್ಟು ಕೇಳಿದಳು: "ನಿಮಗೇನನ್ನಿಸುತ್ತೆ? ಎಲ್ಲಿ ವ್ಯತ್ಯಾಸ ಆಗಿದೆ?"

ಅಲ್ಲಿ ಕೂತು ಇನ್ನೊಂದು ಊಹೆ ಮಾಡಬಹುದಿತ್ತು. ಕಿತ್ತಳೆ ಸಿಪ್ಪೆ ಇರಬೇಕು, ನಾಳೆ ಮತ್ತೆ ಮಾಡೋಣ ಎನ್ನಬಹುದಿತ್ತು. ಗೇಲ್ ನಂಬುತ್ತಿದ್ದಳು. ಅಣ್ಣತಂಗಿಯರು ತಾಯಿಯ ಮನೆಯಲ್ಲಿ ಕೂತು, ತಾಯಿಯದಲ್ಲದ ರುಚಿಯನ್ನು ತಾಯಿಯದೆಂದು ತಿನ್ನುತ್ತಿದ್ದರು.

"ನನಗೆ ಗೊತ್ತಿಲ್ಲ, ಗೇಲ್" ಎಂದರು ವೇದವತಿ. "ನಾನು ಅದನ್ನ ತಿಂದೇ ಇಲ್ಲ. ಒಂದು ವರ್ಷವೂ ತಿಂದಿಲ್ಲ. ಮೊಟ್ಟೆ ಇರುತ್ತೆ ಅಂದ್ಕೊಂಡಿದ್ದೆ. ಕೇಳೋಕೆ ಸಂಕೋಚ ಆಯ್ತು. ಬೇರೆಯವರಿಗೆ ಕೊಟ್ಟುಬಿಡ್ತಿದ್ದೆ."

ಪಕ್ಕದ ಕೋಣೆಯಲ್ಲಿ ವೆಂಕಟಾಚಲ ಟಿ.ವಿ.ಯ ಸದ್ದು ಇಳಿಸಿದರು.

ಗೇಲ್ ತಟ್ಟೆಯ ಮೇಲಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಸೇರಿಸಿದಳು. ಸಿಟ್ಟಾದರೂ ಮಾಡಿಕೊಂಡಿದ್ದರೆ ವೇದವತಿಗೆ ಹಗುರವಾಗುತ್ತಿತ್ತು. "ನಿನ್ನೆಯೇ ಹೇಳಬಹುದಿತ್ತು ನೀವು" ಎಂದಳು.

"ಹೌದು. ಇಪ್ಪತ್ತು ವರ್ಷದ ಹಿಂದೆಯೇ ಹೇಳಬಹುದಿತ್ತು."

"ಹಾಗಾದ್ರೆ ಅದು ಹೋಯ್ತು."

"ಹೋಯ್ತು" ಎಂದರು ವೇದವತಿ.

ಗೇಲ್ ಉಳಿದ ತುಂಡನ್ನು ತಿಂದು ಮುಗಿಸಿದಳು. ಹಸಿವಿಗೋ, ಮಾತಿನ ಬದಲಿಗೋ ತಿಳಿಯಲಿಲ್ಲ. ಆಮೇಲೆ, ತನಗೇ ಹೇಳಿಕೊಳ್ಳುವಂತೆ, ಅಮ್ಮ ಆ ಕೇಕನ್ನು ಎಂದೂ ಬದಲಿಸಿದವರಲ್ಲ ಎಂದಳು. ಅಜ್ಜಿ ಹಾಕಿದ್ದಷ್ಟೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಕೊನೆಯ ಕೆಲವು ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಬದಲಿಸತೊಡಗಿದರು. ಒಮ್ಮೆ ಲವಂಗ ಬಿಟ್ಟರು, ಒಮ್ಮೆ ದ್ರಾಕ್ಷಿಯ ಬದಲು ಖರ್ಜೂರ, ಒಮ್ಮೆ ಸೇಬನ್ನು ಬೇಯಿಸದೆ ಸುಟ್ಟು ನೋಡಿದರು. ಪ್ರತಿ ವರ್ಷ ನವೆಂಬರ್ ಪೂರ್ತಿ ಅದೇ ಕೆಲಸ. ಕೈ ನಡುಗಲು ಶುರುವಾದ ಮೇಲೂ ಬಿಡಲಿಲ್ಲ.

"ಯಾಕಮ್ಮ ಇಷ್ಟು ಕಷ್ಟ ಪಡ್ತೀಯ ಅಂತ ಫೋನಿನಲ್ಲಿ ಬೈದಿದ್ದೆ" ಎಂದಳು. "ವೇದಾ ಹತ್ತಕ್ಕೆ ಹತ್ತು ಕೊಡೋವರೆಗೂ ಬಿಡಲ್ಲ ಅಂದ್ರು. ಅವಳು ಲ್ಯಾಬಿನವಳು, ಸುಮ್ಮಸುಮ್ಮನೆ ಮಾರ್ಕು ಕತ್ತರಿಸೋಳಲ್ಲ ಅಂತ." ಅವಳು ಮೊದಲ ಬಾರಿಗೆ ತಲೆಯೆತ್ತಿ ನೇರವಾಗಿ ನೋಡಿದಳು. "ಎಷ್ಟು ಕೊಟ್ಟಿದ್ರಿ ನೀವು?"

ವೇದವತಿಗೆ ಆ ಬೆಳಗ್ಗೆ ಚೆನ್ನಾಗಿ ನೆನಪಿತ್ತು. ಆ ಬದಲಾವಣೆಗಳೆಲ್ಲ ಶುರುವಾಗುವ ಮೊದಲು, ಒಂದು ಹೊಸ ವರ್ಷ ಕಳೆದ ವಾರ, ತೊಳೆದ ಡಬ್ಬಿ ಹಿಂದಿರುಗಿಸುವಾಗ ಐರೀನ್ ಬೇಲಿಗೆ ಮೊಣಕೈ ಊರಿ, ನಗುತ್ತ, ಹತ್ತಕ್ಕೆ ಎಷ್ಟು ಕೊಡ್ತೀಯ ಎಂದು ಕೇಳಿದ್ದರು. ಹತ್ತು ಎಂದರೆ ಉಪಚಾರಕ್ಕೆ ಹೇಳಿದಂತಾಗುತ್ತದೆ ಎಂದು ವೇದವತಿಗೆ ಅನ್ನಿಸಿತ್ತು. ಲ್ಯಾಬಿನಲ್ಲೂ ತೀರ ಚೊಕ್ಕವಾಗಿ ಬಂದ ಫಲಿತಾಂಶವನ್ನು ಯಾರೂ ನಂಬುವುದಿಲ್ಲ. ನಿಜವಾಗಿ ತಿಂದವರ ಮಾತಿನಂತೆ ಕೇಳಿಸಲಿ ಎಂದು, ಕ್ಷಣ ಹೊತ್ತು ಯೋಚಿಸಿದಂತೆ ಮಾಡಿ, ಅವರು ಗಟ್ಟಿಯಾಗಿ ಹೇಳಿದ್ದರು: ಒಂಬತ್ತೂವರೆ.