ಮೂರು ಸಲ ಅಳಿಸಿದ ಸಾಕ್ಷಿ

ಗ್ಯಾರೇಜಿನ ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮಗ್ಗಿ ತಪ್ಪಿದ್ದಕ್ಕೆ ಬೈದ ಮೇಷ್ಟ್ರ ಮೇಲೆ ಮುನಿಸಿಕೊಂಡು ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಆದರೆ ಎಂಜಿನ್ ಮುಂದೆ ನಿಂತರೆ, ಇದು ಯಾಕೆ ಹೀಗೆ ಅಂತ ತಿಳಿಯುವವರೆಗೆ ಊಟ ಸೇರುವುದಿಲ್ಲ. ಹಳೇ ಲ್ಯಾಪ್‌ಟಾಪ್ ಕೊಂಡದ್ದೂ ಆ ಚಟಕ್ಕೇ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಕೇಬಲ್ ಚುಚ್ಚಿದರೆ ಕಾರು ತನ್ನ ಕಾಯಿಲೆ ತಾನೇ ಹೇಳುತ್ತದೆ. ಹೇಳುವುದು ಇಂಗ್ಲಿಷಿನಲ್ಲಿ, ಅದೇ ಕರ್ಮ.

ಆ ಬೆಳಿಗ್ಗೆ ಅವನ ಅಕ್ಕ ಕಾರು ತಂದಳು. ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗಿ ಗಾಯಕ್ಕೆ ಡ್ರೆಸಿಂಗ್ ಮಾಡುವ ನರ್ಸ್ ಆಕೆ, ಕಾರಿಲ್ಲದಿದ್ದರೆ ಕೆಲಸವಿಲ್ಲ. ಓಡುವ ಗಾಡಿ ನಡುರಸ್ತೆಯಲ್ಲಿ ಆಫ್ ಆಗುತ್ತಿತ್ತು. ಮೊದಲು ಮೂರು ಸಲ ತಂದಾಗಲೂ ಲ್ಯಾಪ್‌ಟಾಪ್ ಏನೂ ತೋರಿಸಿರಲಿಲ್ಲ. "ಗಾಡಿ ಗುಂಡುಕಲ್ಲಿನ ಹಾಗಿದೆ, ನಿನಗೇ ಕ್ಲಚ್ ಬಿಡೋಕೆ ಬರಲ್ಲ" ಎಂದು ತಮ್ಮ ಸಾಗಹಾಕಿದ್ದ. ಬಾವನಿಗೆ ಅಷ್ಟೇ ಸಾಕಾಗಿತ್ತು.

"ಸಾಯಂಕಾಲ ಕೊಳ್ಳೋರು ಬರ್ತಾರೆ," ಎಂದಳು ಅಕ್ಕ. "ನಿನಗೆ ವಯಸ್ಸಾಯ್ತು, ಇನ್ನು ಓಡಿಸ್ಬೇಡ ಅಂತಾರೆ ನಿಮ್ಮ ಬಾವ. ಈಗ ಬರೋವಾಗಲೂ ಆಫ್ ಆಯ್ತು ಕಣೋ."

ಮೇಸ್ತ್ರಿ ಬಾನೆಟ್ ಎತ್ತಿ ಬ್ಯಾಟರಿ ತಂತಿಗೆ ಸ್ಪಾನರ್ ಹಾಕಿದ. ಯಾವ ಗಾಡಿಯಾದರೂ ಮೊದಲು ಬ್ಯಾಟರಿ ಬಿಚ್ಚು, ಒರೆಸಿ ಹಾಕು, ಆಮೇಲೆ ಮುಂದಿನದು. ಕೆಲಸ ಕಲಿಸಿದವರು ಹೇಳಿದ ಮೊದಲ ಪಾಠ.

"ಅದನ್ನ ಮುಟ್ಟಬೇಡ. ನೀನು ಬಿಚ್ಚಿದಾಗೆಲ್ಲ ಕಾರಿನ ಗಡಿಯಾರ ಹನ್ನೆರಡಕ್ಕೆ ಹೋಗಿ ಕೂರುತ್ತೆ."

"ನಂಗೇ ಕೆಲಸ ಕಲಿಸ್ತೀಯಾ?"

"ಕಲಿಸಿದ್ರೆ ಕಲಿಯೋನಾಗಿದ್ರೆ ಐದನೇ ಕ್ಲಾಸು ದಾಟಿರ್ತಿದ್ದೆ."

ಅವನು ಸ್ಪಾನರ್ ಬಿಸಾಕಿ, ಕೇಬಲ್ ಚುಚ್ಚಿ, ಲ್ಯಾಪ್‌ಟಾಪನ್ನು ಸೀಟಿನಲ್ಲಿ ಕೂತ ಅವಳ ತೊಡೆಯ ಮೇಲಿಟ್ಟ. "ಓದಿದೋಳಲ್ವಾ, ಓದು."

ಅಕ್ಕ ಕನ್ನಡಕ ಏರಿಸಿ ಓದಿದಳು. ಎಂಜಿನ್ ಸುತ್ತುವುದನ್ನು ಎಣಿಸುವ ಸೆನ್ಸರ್ ಸುಮ್ಮನಾಗಿತ್ತಂತೆ. ಕೆಳಗೆ ಗಾಡಿ ಆಫ್ ಆದ ಗಳಿಗೆಯ ವಿವರ: ಎಂಜಿನ್ ಬಿಸಿ ತೊಂಬತ್ತಾರು ಡಿಗ್ರಿ, ವೇಗ ನಲವತ್ತೆರಡು.

"ಇನ್ನೊಂದ್ಸಲ ಓದು."

"ನಲವತ್ತೆರಡು."

ಕ್ಲಚ್ ಬಿಡಲು ಬಾರದವರ ಗಾಡಿ ಹೊರಡುವಾಗ ನಿಲ್ಲುತ್ತದೆ, ನಲವತ್ತೆರಡರಲ್ಲಲ್ಲ. ಬಿಸಿಗೇ ಸೆನ್ಸರ್ ಸುಮ್ಮನಾಗುತ್ತಿದೆಯೇನೋ ಎಂದು ಅವನು ಹಿತ್ತಲ ಮನೆಗೆ ಓಡಿ ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದ. ಎಂಜಿನ್ ಚಾಲೂ ಮಾಡಿಸಿ, ಸೆನ್ಸರಿಗೆ ಬಿಸಿಗಾಳಿ ಬಿಟ್ಟ. ಸ್ವಲ್ಪ ಹೊತ್ತಿಗೆ ಎಂಜಿನ್ ತಾನಾಗಿ ನಿಂತಿತು. ತಣ್ಣಗಾಗಲು ಬಿಟ್ಟರೆ ಮತ್ತೆ ಹೊರಟಿತು. ನೋಡಿದ್ದು ಸಾಲದೆ ಇನ್ನೆರಡು ಸಲ ಮಾಡಿದ.

"ನಗ್ತಾ ಇದೀಯಲ್ಲ," ಎಂದಳು ಅಕ್ಕ. "ಆ ಮೂರು ಸಲ ಯಾಕೆ ಬಾಯಿ ಬಿಡ್ಲಿಲ್ಲ ಇದು?"

ಮೇಸ್ತ್ರಿಯ ನಗು ಇಳಿಯಿತು. ಬ್ಯಾಟರಿಯನ್ನು ನೋಡಿದ, ಸ್ಪಾನರನ್ನು ನೋಡಿದ. "ಬ್ಯಾಟರಿ ಬಿಚ್ಚಿದ್ರೆ ಗಡಿಯಾರದ ಜೊತೆ ಇದೂ ಮರೀತಿತ್ತು. ಅದು ಹೇಳೋಕೆ ಮುಂಚೆ ನಾನೇ ಒರೆಸಿ ಹಾಕ್ತಿದ್ದೆ."

ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗೆ ಕೊಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಎಣ್ಣೆಗೈಯಲ್ಲೇ ಫೋನ್ ಹಚ್ಚಿದ.

"ಬಾವ, ಕಾರು ಮಾರೋ ಮಾತು ಬಿಡಿ."

"ನೀನೇ ತಾನೆ ಹೇಳಿದ್ದು, ಅವಳಿಗೆ ಕ್ಲಚ್ ಬರಲ್ಲ ಅಂತ?"

"ಬರುತ್ತೆ. ಅಂಗೈಯಷ್ಟೂ ಇಲ್ಲದ ಒಂದು ಸಾಮಾನು ಕೆಟ್ಟಿತ್ತು, ಮಧ್ಯಾಹ್ನದೊಳಗೆ ಹೊಸದು ಹಾಕ್ತೀನಿ. ನಂಗೆ ಗೊತ್ತಾಗ್ಲಿಲ್ಲ, ಅವಳ ತಲೆಗೆ ಕಟ್ಬಿಟ್ಟೆ. ತಪ್ಪು ನಂದು."

ಬಾವ ಕೇಳಿದ, "ಹಾಗಾದ್ರೆ ಬರೋರಿಗೆ ಏನು ಹೇಳ್ಲಿ?"

ಅಕ್ಕ ಫೋನ್ ಕಿತ್ತುಕೊಂಡಳು. "ಕಾರಿಲ್ಲ, ಡ್ಯೂಟಿಗೆ ಹೋಗಿದೆ ಅನ್ನಿ."