ಗುಡ್ಡದ ಎರಡು ಮಗ್ಗುಲಿನ ಒಂದೇ ಕಥೆ

ಬೆಳಕು ಹರಿಯುವ ಮುಂಚೆಯೇ ಸೂಜಿಯಕ್ಕ ಏರುದಾರಿ ಹಿಡಿದಿದ್ದಾರೆ. ಹೆಗಲಲ್ಲಿ ಲಸಿಕೆ ಪೆಟ್ಟಿಗೆ, ಜೇಬಲ್ಲಿ ಗಾಜು ಬಿರುಕುಬಿಟ್ಟ ಫೋನು. ಬೆಟ್ಟದೂರುಗಳ ಈ ಆರೋಗ್ಯ ಕಾರ್ಯಕರ್ತೆಯನ್ನು ಕಂಡರೆ ಮಕ್ಕಳು ಅಟ್ಟ ಹತ್ತುತ್ತವೆ. ಅಜ್ಜಿಯರು ಮಾತ್ರ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಸೂಜಿ ಚುಚ್ಚಿ ಮುಗಿಸಿದ ಮೇಲೆ ಅಜ್ಜಿಯರ ಬಾಳಿನ ಕಥೆಗಳನ್ನು ಕೇಳಿ ರೆಕಾರ್ಡ್ ಮಾಡಿಕೊಳ್ಳುವುದು ಇವರ ರೂಢಿ. ಯಾರೂ ಹೇಳಿದ ಕೆಲಸವಲ್ಲ ಇದು, ಸಂಬಳವೂ ಇಲ್ಲ.

“ಸುಮ್ನೆ ಕೂತು ಹೇಳಿ ಅಂದ್ರೆ ‘ನಂದೇನಿದೆ ಮಹಾ’ ಅಂತಾರೆ. ಒಂದು ರಾಶಿ ಉಣ್ಣೆ ಮುಂದಿಟ್ರೆ ನೋಡಿ, ಬಾಯಿಗೆ ಬೀಗಾನೇ ಇಲ್ಲ!” ಎನ್ನುತ್ತಾರೆ ಸೂಜಿಯಕ್ಕ. ಹಾಗಾಗಿ ಇವರೂ ಜೊತೆಗೆ ಉಣ್ಣೆ ಬಿಡಿಸುತ್ತಾ ಕೂರುತ್ತಾರೆ. ಅರುವತ್ತಕ್ಕೂ ಹೆಚ್ಚು ಅಜ್ಜಿಯರ ದನಿ ಹೀಗೆ ಉಳಿದಿದೆ. “ನಿನ್ನ ಫೋನಲ್ಲಿ ಊರ ಅಜ್ಜಿಯರಿಗೆಲ್ಲ ಜಾಗ ಇದೆ, ನನಗೇ ಇಲ್ಲ” ಎಂದು ಗಂಡ ಗೊಣಗುವುದೂ ಉಂಟು. ಅದಕ್ಕೆ ಇವರ ಉತ್ತರ ಒಂದೇ: “ನಮ್ಮಮ್ಮನ ಫೋಟೋ ಇದೆ, ದನಿ ಎಲ್ಲೂ ಇಲ್ಲ. ಆ ಸಂಕಟ ನಂಗೊತ್ತು.”

ಈಗ ಇವರ ನಿದ್ದೆ ಕೆಡಿಸಿರುವುದು ಒಂದು ಅರ್ಧಂಬರ್ಧ ಕಥೆ. ಒಡಹುಟ್ಟಿದ ಇಬ್ಬರು ಅಜ್ಜಿಯರು. ಅಕ್ಕನನ್ನು ಕೊಟ್ಟಿದ್ದು ಗುಡ್ಡದ ಈ ಮಗ್ಗುಲಿಗೆ, ತಂಗಿಯನ್ನು ಆ ಮಗ್ಗುಲಿಗೆ. ಗಂಡಸರೆಲ್ಲ ದುಡಿಮೆಗೆ ಕೆಳಗಿಳಿದ ಒಂದು ಚಳಿಗಾಲ ಹೆಂಗಸರೇ ಊರು ಉಳಿಸಿಕೊಂಡ ಕಥೆಯನ್ನು ಅವರಮ್ಮ ಇಬ್ಬರಿಗೂ ಹಂಚಿ ಕಲಿಸಿದ್ದಳು. ಗುಡ್ಡದ ಮೇಲೆ ಸೇರಿ ಹುಲ್ಲು ಕೊಯ್ಯುತ್ತಾ ಒಬ್ಬಳು ಒಂದು ತುಣುಕು ಹೇಳಿದರೆ ಮುಂದಿನದು ಇನ್ನೊಬ್ಬಳದು. ಈಗ ಇಬ್ಬರಿಗೂ ಮೊಣಕಾಲು ಕೈಕೊಟ್ಟಿದೆ. ಆ ಮಗ್ಗುಲಿಗೆ ಫೋನೂ ಸಿಗದು. ಅಕ್ಕ ಹೇಳಿದ್ದನ್ನು ಸೂಜಿಯಕ್ಕನೇ ಗುಡ್ಡ ದಾಟಿಸಿ ತಂಗಿಗೆ ಕೇಳಿಸುತ್ತಾರೆ, ತಂಗಿ ಹೇಳಿದ್ದನ್ನು ಇತ್ತ ತರುತ್ತಾರೆ. ಅಕ್ಕ ಫೋನನ್ನು ಕಿವಿಗೊತ್ತಿಕೊಂಡು, “ಅಯ್ಯೋ, ಕೆಮ್ತಾ ಇದ್ದಾಳಲ್ಲೇ” ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಉಳಿದಿರುವುದು ಕೊನೆಯ ತುಣುಕು. ಅದು ತಂಗಿಯ ಪಾಲಿನದು, ಆಕೆಯೋ ಜಪ್ಪಯ್ಯ ಅಂದರೂ ಬಾಯಿಬಿಡಲೊಲ್ಲರು. “ಇದು ಅಕ್ಕನ ಮುಖ ನೋಡ್ಕೊಂಡೇ ಹೇಳೋದು. ನಿನ್ನ ಡಬ್ಬಿಗಲ್ಲ ಕಣೇ!”

ಅಕ್ಕನ ಉಸಿರು ದಿನದಿಂದ ದಿನಕ್ಕೆ ಸೋಲುತ್ತಿದೆ. ಹೆಚ್ಚು ಕಾಲವಿಲ್ಲವೆಂದು ಸೂಜಿಯಕ್ಕನಿಗೆ ಗೊತ್ತು. ಅದಕ್ಕೇ ಇವತ್ತು ಲಸಿಕೆ ಮುಗಿಸಿ ಹೊರೆ ಹೊರುವವರ ಕೈಕಾಲು ಹಿಡಿಯಲಿದ್ದಾರೆ, ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಲು.

ಅಂತೂ ಕಥೆ ಪೂರ್ತಿ ಫೋನಿಗೆ ಸಿಗುತ್ತದಲ್ಲ ಎಂದರೆ ಸೂಜಿಯಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

“ಅವರಿಬ್ರೂ ಸೇರಿದ ದಿನ ರೆಕಾರ್ಡ್ ಏನೂ ಮಾಡಲ್ಲ. ಹೊರಗೆ ಕೂತು ಇಬ್ರ ದನೀನೂ ಒಟ್ಟಿಗೆ ಕೇಳಿದ್ರೆ ಸಾಕು ನಂಗೆ.”